ಪರೀಕ್ಷೆಯೂ ಚೆನ್ನೆಮಣೆಯೂ

ನಮ್ಮ ತವರುಮನೆಯಲ್ಲಿ ಹಲಸಿನ ಮರದ ಒಂದು ಚೆನ್ನೆಮಣೆ ಉಂಟು. ಅದನ್ನು ಮಾಡಿಸಿದವರು ಯಾರೆಂಬುದನ್ನು ನಮ್ಮ ಅಜ್ಜಿಯೂ ಅರಿಯಳು. ತಾನು ಮದುವೆಯಾಗಿ ಬಂದು ಆ ಮನೆಯ ಹೊಸ್ತಿಲು ತುಳಿದಾಗಲೇ ಅದು ಹತ್ತಾರು ಕೈಗಳಲ್ಲಿ ಆಡಿ ನುಣುಪಾಗಿದ್ದಿತೆಂದು ಆಕೆ ಹೇಳುತ್ತಿದ್ದಳು. ಮನೆಯಿರುವುದು ಕುಮಾರಧಾರೆಯ ದಡದಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿಯಲ್ಲಿ. ನನ್ನ ಬಾಲ್ಯದಲ್ಲಿ ಪುತ್ತೂರು ತಾಲೂಕಿನಲ್ಲಿದ್ದ ಆ ಹಳ್ಳಿಯು ಈಗ ಕಡಬ ತಾಲೂಕಿಗೆ ಸೇರಿದೆ. ಈ ಮಣೆಯ ಕಥೆಯನ್ನು ಬರೆಯಬೇಕೆಂದು ನಾನು ಬಹುಕಾಲದಿಂದ ಎಣಿಸುತ್ತಿದ್ದೆನು. ಮನೆಮನೆಗಳಲ್ಲಿ ಪರೀಕ್ಷೆಯ ಮಾತೇ ಮಾತಾಗುವ ಕಾಲವು ವರ್ಷ ವರ್ಷವೂ ಬರುತ್ತದೆ. ಆಗೆಲ್ಲ ನನಗೆ ಆ ಮಣೆಯೇ ನೆನಪಿಗೆ ಬರುತ್ತದೆ.

ಆಟಿಯ ತಿಂಗಳೆಂದರೆ ನಮ್ಮ ಸೀಮೆಯಲ್ಲಿ ಬಿಡದೆ ಸುರಿಯುವ ಮಳೆ. ನೇಜಿ ನೆಟ್ಟು ಆಗಿರುತ್ತದೆ, ಅಂಗಳಕ್ಕೆ ಕಾಲಿಡುವಂತಿಲ್ಲ, ಮದುವೆ ಮುಂಜಿಗಳಿಲ್ಲ. ಆ ಒಂದು ತಿಂಗಳು ಮಾತ್ರ ಚೆನ್ನೆಮಣೆಯು ಅಟ್ಟದಿಂದ ಇಳಿಯುವುದು. ಆಟಿ ಕಳೆಯಿತೆಂದರೆ ಅದನ್ನು ಒರಸಿ, ಕಾಳುಗಳನ್ನು ಚೀಲದಲ್ಲಿ ಕಟ್ಟಿ, ಮತ್ತೆ ಅಟ್ಟಕ್ಕೇರಿಸತಕ್ಕದ್ದು. ಘಟ್ಟದ ಮೇಲಿನವರು ಇದೇ ಜಾತಿಯ ಆಟದ ಮಣೆಯನ್ನು ಅಳಗುಳಿಮಣೆಯೆನ್ನುವರು, ತಮಿಳರು ಪಲ್ಲಾಂಗುಳಿಯೆನ್ನುವರು. ಏಳು ಗುಳಿಗಳ ಎರಡು ಸಾಲು. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳು. ನಮ್ಮಲ್ಲಿ ಮಂಜೊಟ್ಟಿ ಮರದ ಕೆಂಪು ಬೀಜಗಳಿದ್ದವು. ಆಟದ ಬಗೆಗಳು ಹಲವಿದ್ದರೂ ನಮ್ಮ ಮನೆಯ ಕ್ರಮವು ಸುಲಭವಾದುದು: ತನ್ನ ಕಡೆಯ ಒಂದು ಗುಳಿಯ ಕಾಳುಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು, ಕೈ ಬರಿದಾದರೆ ಅದರ ಮುಂದಿನ ಗುಳಿಯನ್ನೆತ್ತಿ ಮತ್ತೆ ಹಂಚಬೇಕು, ಬರಿಗುಳಿ ಎದುರಾದರೆ ಅದರಾಚೆಯ ಗುಳಿಯಲ್ಲಿದ್ದುದು ಆಡಿದವನ ಪಾಲು. ಅಲ್ಲಿಗೆ ಅವನ ಸರದಿ ಮುಗಿಯಿತು. ಹತ್ತು ಕಾಳುಳ್ಳವನಿಗೂ ನಲವತ್ತು ಕಾಳುಳ್ಳವನಿಗೂ ಸರದಿಯು ಸಮನಾಗಿಯೇ ಬರುವುದು. ಸೋಲುತ್ತ ಬಂದವನು ಒಂದು ಒಳ್ಳೆಯ ಕೈಯಿಂದ ಮೇಲೇಳುವುದನ್ನು ನಾವು ಎಷ್ಟೋ ಸಲ ನೋಡಿದ್ದೆವು.

ಆಡಲು ಕುಳ್ಳಿರಿಸುವಾಗ ಅಜ್ಜಿಯು ಅಬ್ಬಗ ದಾರಗರ ಕಥೆಯನ್ನು ತಪ್ಪದೆ ಹೇಳುವಳು. ತುಳುನಾಡಿನ ಸಿರಿಯ ಪಾಡ್ದನವನ್ನು ಕೇಳಿದವರು ಇದನ್ನು ಬಲ್ಲರು. ಅವಳಿ ಸೋದರಿಯರಿಬ್ಬರು ಹಿರಿಯರಿಲ್ಲದ ಹೊತ್ತಿನಲ್ಲಿ ಚೆನ್ನೆಯಾಡಲು ಕುಳಿತರು. ಸೋಲು ಗೆಲುವಿನ ಮಾತು ಬೆಳೆಯಿತು. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದಳು. ಅವಳು ಸತ್ತುಬಿದ್ದುದನ್ನು ಕಂಡು ತಾನೂ ಬಾವಿಗೆ ಹಾರಿದಳು. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರಾಗಿ ಚೆನ್ನೆಯಾಡಬಾರದೆಂದು ಹಳಬರು ಹೇಳುವುದು ಇದರಿಂದಲೇ. ನಾನೂ ನನ್ನ ಅಣ್ಣನೂ ಆಡುವುದಕ್ಕೆ ಅಡ್ಡಿಯಿರಲಿಲ್ಲ. ಆದರೂ ಕಥೆಯನ್ನು ಕೇಳಿಸಿಕೊಂಡೇ ಆಡಬೇಕಾಗಿದ್ದಿತು. “ಕಾಳು ನಿಮ್ಮದಲ್ಲ, ಚೀಲದ್ದು” ಎಂದು ಅಜ್ಜಿಯು ಕೊನೆಗೆ ಹೇಳುತ್ತಿದ್ದಳು. ಆ ಮಾತಿನ ಅರ್ಥವು ಆಗ ನನಗೆ ತಿಳಿದಿರಲಿಲ್ಲ.

ಅಣ್ಣನು ನನಗಿಂತ ಎರಡು ವರ್ಷಕ್ಕೆ ಹಿರಿಯನು. ಚೆನ್ನೆಯಲ್ಲಿ ಅವನನ್ನು ಗೆದ್ದವರಿಲ್ಲ. ಯಾವ ಗುಳಿಯನ್ನೆತ್ತಿದರೆ ಕೈ ಎಲ್ಲಿ ಬರಿದಾಗುವುದೆಂಬುದನ್ನು ಎತ್ತುವ ಮೊದಲೇ ಹೇಳಿಬಿಡುವನು. ಅದೇ ಹುಡುಗನಿಗೆ ಶಾಲೆಯ ಗಣಿತವು ಒಗ್ಗುತ್ತಿರಲಿಲ್ಲ. 1983ರ ಆಟಿಯಲ್ಲಿ ಅವನು ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದನು. ಮಣೆಯನ್ನು ಇಳಿಸಲು ಏಣಿ ಇಟ್ಟಾಗ ತಂದೆಯವರು ಬಂದು, “ಈ ವರ್ಷ ಆಟ ಬೇಡ, ಅದು ಅಲ್ಲಿಯೇ ಇರಲಿ” ಎಂದರು. ಅವರು ಕಠಿಣರಲ್ಲ. ತಾವು ನಾಲ್ಕನೆಯ ತರಗತಿಗೆ ಶಾಲೆಯನ್ನು ಬಿಟ್ಟವರು. ಮಗನಾದರೂ ಒಂದು ಸರ್ಕಾರಿ ಕುರ್ಚಿಯಲ್ಲಿ ಕುಳಿತುಕೊಳ್ಳಲಿ ಎಂಬ ಆಸೆಯಿದ್ದವರು. ಆ ಮಳೆಗಾಲವೆಲ್ಲ ಅಣ್ಣನು ಜಗಲಿಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತಿರುತ್ತಿದ್ದನು. ನಾನು ನೋಡಿದಾಗಲೆಲ್ಲ ಪುಟವು ಅದೇ ಆಗಿರುತ್ತಿದ್ದಿತು.

ಮರುವರ್ಷ ಫಲಿತಾಂಶವು ಬಂದಾಗ ಗಣಿತದಲ್ಲಿ ನಾಲ್ಕು ಅಂಕಗಳು ಸಾಲದೆ ಹೋದವು. ಕೆಲವು ತಿಂಗಳ ಮೇಲೆ ಮತ್ತೆ ಬರೆಯುವ ಅವಕಾಶವು ಆಗಲೂ ಇದ್ದಿತು. ಅದನ್ನು ಅವನಿಗೆ ಹೇಳಬೇಕೆಂದು ಆ ದಿನ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ತಂದೆಯವರು ಊಟ ಮಾಡದೆ ಎದ್ದುಹೋದರು. ಬೆಳಗಾದಾಗ ಅಣ್ಣನ ಹಾಸಿಗೆ ಬರಿದಾಗಿದ್ದಿತು. ಮಂಗಳೂರಿನಿಂದ ಮುಂಬಯಿಗೆ ಹೋಗುವ ಬಸ್ಸನ್ನು ಹತ್ತಿ, ಅಲ್ಲಿ ನಮ್ಮ ಜಿಲ್ಲೆಯವರೊಬ್ಬರ ಹೋಟೇಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದನೆಂಬುದು ಮೂರು ತಿಂಗಳ ಮೇಲೆ ಬಂದ ಒಂದು ಕಾರ್ಡಿನಿಂದ ತಿಳಿಯಿತು. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಇಂಥ ಒಂದು ಕಾರ್ಡು ಇದ್ದೀತು. ಆ ಮೂರು ತಿಂಗಳು ನನ್ನ ತಾಯಿ ನಿದ್ರೆಯಿಲ್ಲದೆ ಕಳೆದಳು; ಕುಮಾರಧಾರೆಯ ಕಡೆಗೆ ಹೋಗುವ ದಾರಿಯನ್ನು ಅವಳು ನೋಡುತ್ತಿದ್ದ ಬಗೆಯನ್ನು ನಾನು ಮರೆಯಲಾರೆನು. ಅಣ್ಣನು ಬದುಕಿದ್ದನು. ಮುಂದೆ ತನ್ನದೇ ಒಂದು ಚಿಕ್ಕ ಉಪಾಹಾರಗೃಹವನ್ನೂ ಮಾಡಿಕೊಂಡನು. ಆದರೆ ಅವನು ಊರಿನ ಹೊಸ್ತಿಲನ್ನು ತುಳಿದುದು ಹನ್ನೆರಡು ವರ್ಷಗಳ ಮೇಲೆ. ಚೆನ್ನೆಮಣೆಯನ್ನು ಇಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಗಣಿತದ ಅಧ್ಯಾಪಿಕೆಯಾದೆನು. ಅಣ್ಣನಿಗೆ ಸಾಲದೆ ಹೋದ ನಾಲ್ಕು ಅಂಕಗಳೇ ನನ್ನನ್ನು ಆ ಕಡೆಗೆ ತಿರುಗಿಸಿದುವೋ ಏನೋ. ಮೊದಲು ಸುಳ್ಯದ ಕಡೆಯಲ್ಲಿ ಕೆಲಕಾಲ ಪಾಠ ಹೇಳಿ, 2004ರಲ್ಲಿ ಪತಿಯ ಉದ್ಯೋಗದ ನಿಮಿತ್ತ ಮಸ್ಕತ್ತಿಗೆ ಹೋಗಿ, ಅಲ್ಲಿ ಭಾರತೀಯ ಮಕ್ಕಳ ಒಂದು ಶಾಲೆಗೆ ಸೇರಿದೆನು. ಕಡಲಿನ ಆಚೆಯ ದಡವಾದರೂ ಪರೀಕ್ಷೆಯು ನಮ್ಮದೇ. ಕೇಂದ್ರೀಯ ಮಂಡಳಿಯವರು ದಿಲ್ಲಿಯಲ್ಲಿ ಕುಳಿತು ಗೊತ್ತುಪಡಿಸಿದ ಪ್ರಶ್ನೆಪತ್ರಿಕೆಗೆ ಪರದೇಶದ ಮಕ್ಕಳೂ ಬೆದರುವರು. ಅಲ್ಲಿಯ ಮಕ್ಕಳಿಗೆ ಇನ್ನೊಂದು ಭಾರವೂ ಉಂಟು. ತಂದೆಯು ಉರಿಬಿಸಿಲಿನಲ್ಲಿ ದುಡಿಯುವುದು ತನ್ನ ಓದಿಗಾಗಿಯೇ ಎಂಬುದನ್ನು ಅವರು ದಿನವೂ ಕಾಣುತ್ತಾರೆ; ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

2018ನೆಯ ವರ್ಷವು ವಿಶೇಷವಾಗಿದ್ದಿತು. ಕೆಲವು ವರ್ಷಗಳಿಂದ ಹತ್ತನೆಯ ತರಗತಿಯವರಿಗೆ ಮಂಡಳಿಯ ಪರೀಕ್ಷೆಯು ಕಡ್ಡಾಯವಾಗಿರಲಿಲ್ಲ. ಆ ವರ್ಷ ಅದು ಎಲ್ಲರಿಗೂ ಮರಳಿ ಬಂದಿತು. ಮಾರ್ಚಿ 5ಕ್ಕೆ ಪ್ರಾರಂಭ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯನ್ನು ನಡೆಸಿದೆವು. ನನ್ನ ತರಗತಿಯ ಒಬ್ಬಳು ಹುಡುಗಿಯು ಗಣಿತದ ಉತ್ತರಪತ್ರಿಕೆಯ ಮೊದಲನೆಯ ಪುಟದಲ್ಲಿ ತನ್ನ ಹೆಸರನ್ನು ಬರೆದು, ಅದರ ಕೆಳಗೆ ಗೆರೆಯೆಳೆದು, ಮೂರು ಗಂಟೆಗಳ ಕಾಲ ಹಾಗೆಯೇ ಕುಳಿತುಬಿಟ್ಟಳು. ಅವಳು ದಡ್ಡಿಯಲ್ಲ. “ನಿನ್ನೆ ರಾತ್ರಿ ಎಲ್ಲ ಬರುತ್ತಿತ್ತು ಟೀಚರ್, ಹಾಳೆ ಕೈಗೆ ಬಂದ ಕೂಡಲೇ ಎಲ್ಲ ಹೋಯಿತು” ಎಂದಳು. ಆ ಕಣ್ಣುಗಳನ್ನು ನಾನು ಮೊದಲೊಮ್ಮೆ ನೋಡಿದ್ದೆನು. ನಮ್ಮ ಜಗಲಿಯಲ್ಲಿ, ತಿರುವದೆ ಬಿಟ್ಟ ಪುಟದ ಮುಂದೆ.

ಕಲಿತದ್ದು ಹೀಗೆ ಒಮ್ಮೆಲೇ ಹೋಗುವುದೆಲ್ಲಿಗೆ? ಮನಶ್ಶಾಸ್ತ್ರಜ್ಞರು ಹೇಳುವುದು ಹೀಗಿದೆ. ಒಂದು ಲೆಕ್ಕವನ್ನು ಮಾಡುವಾಗ ಅದರ ಅಂಕೆಸಂಖ್ಯೆಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿರುವ ಸ್ಥಳವು ಬಹಳ ಚಿಕ್ಕದು. ಒಂದು ಸಣ್ಣ ಜಗಲಿಯಷ್ಟೇ ಎನ್ನಬಹುದು. ‘ತಪ್ಪಿದರೆ ಏನು ಗತಿ, ಅಪ್ಪ ಏನೆಂದಾರು’ ಎಂಬ ಯೋಚನೆಗಳು ಬಂದು ಆ ಜಗಲಿಯಲ್ಲಿ ಕುಳಿತುಬಿಟ್ಟರೆ ಲೆಕ್ಕಕ್ಕೆ ಸ್ಥಳವೆಲ್ಲಿ? ಕಲಿತದ್ದು ಒಳಕೋಣೆಯಲ್ಲಿ ಭದ್ರವಾಗಿಯೇ ಇರುತ್ತದೆ. ಹೊರಗೆ ಬರಲು ದಾರಿಯಿರುವುದಿಲ್ಲ. ಅಮೆರಿಕದ ಚಿಕಾಗೋ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಸಂಬಂಧಿಸಿದುದು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯಗಳನ್ನೇ ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳಲ್ಲಿ, ಹೆಚ್ಚು ಹೆದರುತ್ತಿದ್ದವರು ಹಾಗೆ ಬರೆಯದ ತಮ್ಮಂಥವರಿಗಿಂತ ಚೆನ್ನಾಗಿ ಉತ್ತರಿಸಿದರು. ಜಗಲಿಯನ್ನು ತೆರವು ಮಾಡಿದ ಹಾಗಾಯಿತು. ಬರೆದು ತೆರವು ಮಾಡುವಂತೆ ಆಡಿಯೂ ತೆರವು ಮಾಡಬಹುದಲ್ಲವೇ ಎಂದು ನನಗೆ ತೋರಿತು.

ಅಂದು ರಾತ್ರಿ ತಾಯಿಗೆ ಫೋನು ಮಾಡಿ, ಮರೆತುಹೋಗಿದ್ದ ಒಂದೆರಡು ನಿಯಮಗಳನ್ನು ಕೇಳಿದೆನು. ಅವಳು ತಡೆದು, “ಆಟಿಯಲ್ಲದೆ ಚೆನ್ನೆ ಆಡಿಸುವುದೋ?” ಎಂದಳು.

“ಇಲ್ಲಿಯ ಮಕ್ಕಳು ಹೆದರಿ ಹೋಗಿದ್ದಾರಮ್ಮ” ಎಂದೆನು.

“ಅಲ್ಲಿ ಮಳೆ ಉಂಟೋ?”

“ವರ್ಷಕ್ಕೆ ನಾಲ್ಕು ಹನಿ.”

“ಹಾಗಾದರೆ ಅಲ್ಲಿಗೆ ಯಾವ ತಿಂಗಳಾದರೂ ಒಂದೇ. ಮಕ್ಕಳು ಹೆದರಿ ಒಳಗೆ ಕೂತರೆ ಅದೇ ಆಟಿ. ಆಡಿಸು.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ನಿನ್ನ ಅಪ್ಪ ಹೋಗುವ ಮೊದಲು ಒಂದು ದಿನ ಹೇಳಿದ್ದರು, ಆ ವರ್ಷ ಮಣೆಯನ್ನು ಇಳಿಸಬಹುದಿತ್ತು ಎಂದು. ನಾನು ನಿಮಗೆ ಯಾರಿಗೂ ಹೇಳಿರಲಿಲ್ಲ.”

ತಂದೆಯವರು ತೀರಿಕೊಂಡು ಆಗಲೇ ಒಂಬತ್ತು ವರ್ಷಗಳಾಗಿದ್ದವು.

ಮರುದಿನವೇ ಕೆಲಸಕ್ಕೆ ತೊಡಗಿದೆನು. ಮರದ ಮಣೆಗಳು ಅಲ್ಲಿ ಎಲ್ಲಿಂದ ಬರಬೇಕು? ಚಹಾ ಕುಡಿಯುವ ಕಾಗದದ ಲೋಟಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಏಳೇಳರ ಎರಡು ಸಾಲುಗಳಾಗಿ ರಟ್ಟಿನ ಮೇಲೆ ಅಂಟಿಸಿದೆವು. ಮಂಜೊಟ್ಟಿಗೆ ಬದಲಾಗಿ ಕಡಲೆ. ಕೊನೆಯ ಪಾಠದ ಕೊನೆಯ 20 ನಿಮಿಷ ಆಟಕ್ಕೆ ಮೀಸಲು. ಶಾಲೆಯ ಬಾಗಿಲು ಕಾಯುವ ಓಮಾನೀ ವೃದ್ಧರೊಬ್ಬರು ಕಿಟಕಿಯಿಂದ ಇಣುಕಿ, ಮುಖವರಳಿಸಿ, “ಹವಾಲಿಸ್!” ಎಂದರು. ವಿಚಾರಿಸಲು, ಅವರ ನಾಡಿನಲ್ಲಿಯೂ ಇದರ ಸೋದರ ಆಟವೊಂದಿರುವುದು ತಿಳಿಯಿತು. ಏಳು ಗುಳಿಗಳ ನಾಲ್ಕು ಸಾಲುಗಳನ್ನು ಮರಳಿನಲ್ಲಿಯೇ ತೋಡಿ, ಕಲ್ಲಿನ ಹರಳುಗಳಿಂದ ಆಡುವರಂತೆ. ಆಫ್ರಿಕೆಯ ಪೂರ್ವತೀರದಲ್ಲಿಯೂ ಇದರ ನೆಂಟರಿದ್ದಾರೆ. ಪಂಡಿತರು ಈ ಕುಲಕ್ಕೆಲ್ಲ ಕೊಟ್ಟಿರುವ ಮಂಕಾಲ ಎಂಬ ಹೆಸರು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸು ಎಂಬರ್ಥದ ಅರಬ್ಬೀ ಮಾತಿನಿಂದಲೇ ಬಂದುದು. ಆಟಿಯ ಮಳೆಯಲ್ಲಿ ಆಡಿದ ನಮ್ಮ ಅಜ್ಜಿಯೂ ಮರಳುಗಾಡಿನಲ್ಲಿ ಆಡಿದ ಅವರ ಅಜ್ಜಿಯೂ ಒಂದೇ ಮನೆಯವರೆಂದು ನನಗೆ ಸಂತೋಷವಾಯಿತು.

ಆದರೆ ಮೊದಲನೆಯ ವಾರದಲ್ಲಿಯೇ ಒಂದು ತಪ್ಪು ನಡೆಯಿತು. ಆ ತಪ್ಪು ನನ್ನದೇ. ಮಕ್ಕಳಿಗೆ ಹುರುಪು ಬರಲೆಂದು, ಹೆಚ್ಚು ಆಟಗಳನ್ನು ಗೆದ್ದವರಿಗೆ ಒಂದು ಬಹುಮಾನವನ್ನು ಕೊಡುವೆನೆಂದೆನು. ಎರಡು ದಿನಗಳಲ್ಲಿ ಕರಿಹಲಗೆಯ ಮೇಲೆ ಒಂದು ಪಟ್ಟಿಯು ಎದ್ದಿತು: ಮೊದಲನೆಯವನು ಯಾರು, ಎರಡನೆಯವಳು ಯಾರು, ಕೊನೆಯವರು ಯಾರು. ಕೂಗಾಟಗಳಾದವು. ಮೋಸವಾಯಿತೆಂದು ಒಬ್ಬನು ಲೋಟಗಳನ್ನೇ ತಳ್ಳಿ ಕಡಲೆಯನ್ನು ಚೆಲ್ಲಿದನು. ನಾನು ತಿರುಗಿ ನೋಡಿದರೆ, ಯಾರಿಗಾಗಿ ಈ ಆಟವನ್ನು ತಂದಿದ್ದೆನೋ ಆ ಹುಡುಗಿಯು ಪಟ್ಟಿಯ ಕೆಳತುದಿಯಲ್ಲಿದ್ದ ತನ್ನ ಹೆಸರನ್ನು ನೋಡುತ್ತ, ಆ ಮೂರು ಗಂಟೆಗಳಂದು ಕುಳಿತಿದ್ದಂತೆಯೇ ಕುಳಿತಿದ್ದಳು. ನಾನು ಅವಳಿಗೆ ಆಟವನ್ನು ಕೊಟ್ಟಿರಲಿಲ್ಲ. ಇನ್ನೊಂದು ಪರೀಕ್ಷೆಯನ್ನು ಕೊಟ್ಟಿದ್ದೆನು. ಅಬ್ಬಗ ದಾರಗರ ಕಥೆಯನ್ನು ಬಾಲ್ಯದಿಂದ ಕೇಳಿಯೂ ನನಗೆ ಬುದ್ಧಿ ಬಂದಿರಲಿಲ್ಲ.

ಪಟ್ಟಿಯನ್ನು ಒರಸಿ ಹಾಕಿ, ಮಕ್ಕಳನ್ನು ಸುತ್ತಲೂ ಕುಳ್ಳಿರಿಸಿ, ಆ ಕಥೆಯನ್ನು ಹೇಳಿದೆನು. ಆಮೇಲೆ ಅಜ್ಜಿಯ ಮಾತನ್ನೂ ಹೇಳಿದೆನು: ಕಾಳು ನಿಮ್ಮದಲ್ಲ, ಚೀಲದ್ದು. ಯಾರು ಎಷ್ಟು ಗೆದ್ದರೆಂಬುದನ್ನು ಬರೆದಿಡತಕ್ಕದ್ದಲ್ಲ. ಗಂಟೆಯಾದ ಕೂಡಲೇ ಎಲ್ಲರ ಕಡಲೆಯೂ ಒಂದೇ ಚೀಲಕ್ಕೆ ಬೀಳಬೇಕು. ನಾಳೆ ಎಲ್ಲರಿಗೂ ಮತ್ತೆ ಗುಳಿಗೆ ನಾಲ್ಕು. ಇಷ್ಟೇ ನಿಯಮ. ಇದಾದ ಮೂರನೆಯ ದಿನ ಆ ಹುಡುಗಿಯು ಸೋತು ನಕ್ಕಳು. ಸೋತಾಗ ನಗುವುದನ್ನು ಕಲಿಸುವ ಪಾಠವು ನನ್ನ ಗಣಿತದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಆಕ್ಷೇಪಣೆಗಳೂ ಬಂದವು. ಪರೀಕ್ಷೆಗೆ ಮೂರು ವಾರಗಳಿರುವಾಗ ಅಧ್ಯಾಪಿಕೆಯು ಮಕ್ಕಳನ್ನು ಆಡಿಸುವಳೆಂದು ಕೆಲವರು ತಂದೆತಾಯಿಗಳು ದೂರಿದರು. ಮೇಲಿನವರು ಕರೆದು ಕೇಳಿದರು. ಮೂರು ಗಂಟೆಗಳ ಓದಿನ ನಡುವೆ 20 ನಿಮಿಷಗಳನ್ನು ಬಿಟ್ಟುಕೊಟ್ಟರೆ ನಷ್ಟವೇನೆಂದು ನಾನು ಕೇಳಿದೆನು. ಒಪ್ಪಿದರೆನ್ನಲಾರೆ, ತಡೆಯಲಿಲ್ಲ. ಆ ಹುಡುಗಿಗೆ ಕೊನೆಗೆ ಎಷ್ಟು ಅಂಕಗಳು ಬಂದವೆಂದು ವಾಚಕರು ಕೇಳಬಹುದು. ಅದನ್ನು ನಾನು ಹೇಳುವುದಿಲ್ಲ. ಹೇಳಿದರೆ, ಒರಸಿದ ಪಟ್ಟಿಯನ್ನು ಮತ್ತೆ ಬರೆದ ಹಾಗಾಗುತ್ತದೆ. ಅವಳು ಹಿಂದಿನ ರಾತ್ರಿ ನಿದ್ರೆ ಮಾಡಿದಳು, ಮರುದಿನ ಕೊನೆಯ ಪ್ರಶ್ನೆಯವರೆಗೂ ಬರೆದಳು ಎಂದರೆ ಸಾಕು.

ಇದು ನಾನು ಕಂಡುಹಿಡಿದ ಹೊಸ ವಿದ್ಯೆಯೆಂದು ಯಾರೂ ಎಣಿಸಬಾರದು. ನಮ್ಮ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಇದು ನನಗಿಂತ ಬಹಳ ಮೊದಲೇ ನಡೆದಿತ್ತು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಬಾಳಿನ ನಾಲ್ಕು ದಶಕಗಳಷ್ಟು ಕಾಲವನ್ನು ಪುತ್ತೂರಿನಲ್ಲಿ ಕಳೆದರಷ್ಟೆ. ಅಲ್ಲಿ ಅವರು ಕಟ್ಟಿಕೊಂಡ ಬಾಲವನವು, ಹೆಸರೇ ಹೇಳುವಂತೆ, ಮಕ್ಕಳಿಗಾಗಿ. ಹಾಡು, ಕುಣಿತ, ನಾಟಕ, ತಿರುಗಾಟಗಳ ಮೂಲಕವೇ ಮಕ್ಕಳು ಕಲಿಯಬಲ್ಲರೆಂದು ಅವರು ಮಾಡಿ ತೋರಿಸಿದರು. ಮಕ್ಕಳಿಗೆಂದು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಬರೆದ ಅವರ ಪುಸ್ತಕಗಳ ಸಾಲಿನಲ್ಲಿ ‘ಓದುವ ಆಟ’ ಎಂಬುದೂ ಒಂದು. ಓದನ್ನೂ ಆಟವನ್ನೂ ಬೇರೆಬೇರೆ ಅಟ್ಟಗಳ ಮೇಲೆ ಇಡದೆ ಒಂದೇ ಹೆಸರಿನಲ್ಲಿ ಕೂಡಿಸಿದ್ದಾರೆ. ಅದೇ ಕಾಲಕ್ಕೆ, ನಮ್ಮ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, ಇಟಲಿಯ ಮರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಕ್ಕಳು ಕೈಯಾಡಿಸುತ್ತಲೇ ಕಲಿಯುವ ಕ್ರಮವನ್ನು ಅಧ್ಯಾಪಕರಿಗೆ ಕಲಿಸಿದರು. ಗುಜರಾತದ ಭಾವನಗರದಲ್ಲಿ ಗಿಜುಭಾಯಿಯವರು 1920ರಲ್ಲಿಯೇ ಬಾಲಮಂದಿರವನ್ನು ತೆರೆದಿದ್ದರು. ಇಂದು ಬಾಲವನಕ್ಕೆ ಹೋದರೆ ಕಾರಂತರ ಮನೆಯನ್ನು ನೋಡಬಹುದು. ಮಕ್ಕಳು ಈಜು ಕಲಿಯುವ ಕೊಳವೂ ಅಲ್ಲುಂಟು. ಸುಳ್ಯದಲ್ಲಿ ಜೀವನ್‌ರಾಂ ಸುಳ್ಯರವರ ರಂಗಮನೆಯು ಮಕ್ಕಳಿಗೆ ಅಭಿನಯದ ಶಿಬಿರಗಳನ್ನು ನಡೆಸುತ್ತ ಬಂದಿದೆ. ನಮ್ಮ ನೆಲದಲ್ಲಿ ಬೀಜವಿಲ್ಲದೆ ಇಲ್ಲ.

ಪರದೇಶದ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಫಿನ್ಲೆಂಡಿನಲ್ಲಿ ಶಾಲೆಯ ಓದು ಮುಗಿಸುವವರಿಗೆ 1852ರಿಂದಲೂ ಒಂದು ದೊಡ್ಡ ಪರೀಕ್ಷೆಯುಂಟು. ಫೆಬ್ರವರಿಯಲ್ಲಿ ಪಾಠಗಳು ಮುಗಿಯುವ ದಿನ ಆ ತರಗತಿಯವರು, ನಮ್ಮ ನವರಾತ್ರಿಯ ವೇಷದವರಂತೆ ಬಗೆಬಗೆಯ ವೇಷ ಹಾಕಿ, ಸಿಂಗರಿಸಿದ ಲಾರಿಗಳನ್ನೇರಿ ಊರನ್ನು ಸುತ್ತುವರು. ಕೂಗುತ್ತ ನಗುತ್ತ ಬೀದಿಯಲ್ಲಿ ನಿಂತ ಕಿರಿಯ ಮಕ್ಕಳಿಗೆ ಮಿಠಾಯಿಗಳನ್ನು ಎರಚುವರು. ಆಮೇಲೆ ಮನೆಗೆ ಹೋಗಿ ಓದಲು ಕುಳಿತುಕೊಳ್ಳುವರು. ಆಟವು ಪರೀಕ್ಷೆಯ ಮೇಲೆ ಕೊಡುವ ಕೂಲಿಯಲ್ಲ, ಪರೀಕ್ಷೆಗೆ ಮುಂಚೆ ಕೊಡಬೇಕಾದ ಬುತ್ತಿ ಎಂಬುದನ್ನು ಆ ಜನರು ಅರಿತಿದ್ದಾರೆ.

ನಮ್ಮಲ್ಲಿ ಹಾಗಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ 2024ರಲ್ಲಿ ಉಡುಪಿಯು ಮೊದಲನೆಯದು, ದಕ್ಷಿಣ ಕನ್ನಡವು ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡವೇ ಮೊದಲನೆಯದು. ಇದು ಅಧ್ಯಾಪಕರಿಗೂ ಮಕ್ಕಳಿಗೂ ಕೀರ್ತಿಯ ಮಾತೇ ಸರಿ, ನಾನೂ ಹೆಮ್ಮೆಪಟ್ಟಿದ್ದೇನೆ. ಆದರೆ ನೂರರಲ್ಲಿ ತೊಂಬತ್ತು ಮಕ್ಕಳು ತೇರ್ಗಡೆಯಾಗುವ ಊರಿನಲ್ಲಿ, ಉಳಿದ ಹತ್ತು ಮಕ್ಕಳ ಮನೆಯ ರಾತ್ರಿಯು ಹೇಗಿರುವುದೆಂಬುದನ್ನು ನಾನು ಬಲ್ಲೆನು. ಜಿಲ್ಲೆಯು ಮೇಲೇರಿದಷ್ಟೂ ಅವರ ಒಂಟಿತನವು ಹೆಚ್ಚುವುದು. ರಾಷ್ಟ್ರದ ಅಪರಾಧ ದಾಖಲೆಗಳ ಇಲಾಖೆಯ ಲೆಕ್ಕದಂತೆ 2021ರಲ್ಲಿಯೂ 2022ರಲ್ಲಿಯೂ, ವರ್ಷಕ್ಕೆ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ನಮ್ಮ ದೇಶದಲ್ಲಿ ತಮ್ಮ ಕೈಯಿಂದಲೇ ತಮ್ಮ ಬಾಳನ್ನು ಮುಗಿಸಿಕೊಂಡರು. ಎಲ್ಲರ ಕಾರಣವೂ ಪರೀಕ್ಷೆಯಲ್ಲ. ಆದರೂ ಆ ಸಂಖ್ಯೆಯನ್ನು ಓದಿದಾಗ ಕುಮಾರಧಾರೆಯ ದಾರಿಯನ್ನು ನೋಡುತ್ತಿದ್ದ ನನ್ನ ತಾಯಿಯ ನೆನಪಾಗುತ್ತದೆ. ನಮ್ಮವನು ಹತ್ತಿದ್ದು ಬಸ್ಸನ್ನು. ಅದು ನಮ್ಮ ಪುಣ್ಯ, ನಮ್ಮ ಜಾಣ್ಮೆಯಲ್ಲ.

ಆಟವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆನು. ಕಲಿಯದವನನ್ನು ಆಟವು ತೇರ್ಗಡೆ ಮಾಡಿಸದು. ಊಟವನ್ನೂ ನಿದ್ರೆಯನ್ನೂ ಮಾತನ್ನೂ ಬಿಟ್ಟು ಮಗುವು ಮಂಕಾಗಿದ್ದರೆ ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನು ಮಾಡಿದರೆ ಸರ್ಕಾರದ ವತಿಯಿಂದ ಸಲಹೆಯೂ ದೊರೆಯುವುದು. ಒಮ್ಮೆ ತಪ್ಪಿದರೆ ಮತ್ತೊಮ್ಮೆ ಬರೆಯಬಹುದೆಂಬುದನ್ನು ಫಲಿತಾಂಶದ ದಿನ ಹೇಳುವುದಲ್ಲ. ಪರೀಕ್ಷೆಗೆ ಹೋಗುವ ಮೊದಲೇ ಹೇಳಿ ಕಳುಹಿಸಬೇಕು. ಕರ್ನಾಟಕದಲ್ಲಿ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆಯನ್ನು ಬರೆಯುವ ಏರ್ಪಾಡಾಯಿತು. ಇದು ಚೆನ್ನೆಯ ನ್ಯಾಯವೇ: ಕಾಳು ಕಡಿಮೆಯಾದವನಿಗೂ ಸರದಿಯುಂಟು. ಆದರೆ ನಿಯಮವು ಪುಸ್ತಕದಲ್ಲಿದ್ದರೆ ಸಾಲದು. ಮಗುವಿನ ಕಿವಿಗೆ ಮನೆಯವರ ಬಾಯಿಂದಲೇ ಬೀಳಬೇಕು.

ಇನ್ನೊಂದು ಮಾತು, ನಾನು ಪೆಟ್ಟು ತಿಂದು ಕಲಿತದ್ದು. ಆಟವನ್ನು ಕೊಟ್ಟ ಮೇಲೆ ಅದಕ್ಕೆ ಅಂಕವನ್ನು ಅಂಟಿಸಬಾರದು. ಈಗ ಕುಣಿತಕ್ಕೆ ಪರೀಕ್ಷೆ, ಚಿತ್ರಕ್ಕೆ ಪರೀಕ್ಷೆ, ಚದುರಂಗಕ್ಕೆ ಶ್ರೇಣಿ, ಬೇಸಗೆಯ ಶಿಬಿರಕ್ಕೂ ಪದಕ. ಇವು ಒಳ್ಳೆಯವೇ ಆದರೂ ದಣಿದ ಮನಸ್ಸಿಗೆ ಬಿಡುವನ್ನು ಕೊಡಲಾರವು. ಬಿಡುವನ್ನು ಕೊಡುವುದು, ಮುಗಿದ ಮೇಲೆ ಯಾರೂ ಲೆಕ್ಕ ಕೇಳದ ಆಟ ಮಾತ್ರ. ದಿನಕ್ಕೆ 20 ನಿಮಿಷ ಸಾಕು. ಮಣೆಯಿಲ್ಲದಿದ್ದರೆ ಲೋಟಗಳಾದೀತು, ಚೆನ್ನೆ ಬಾರದಿದ್ದರೆ ಕಲ್ಲಾಟವಾದೀತು, ಅಂಗಳದಲ್ಲಿ ಕುಂಟೆಬಿಲ್ಲೆಯಾದೀತು. ತಂದೆತಾಯಿಗಳು ಜತೆಗೆ ಕುಳಿತು ಸೋತರೆ ಇನ್ನೂ ಒಳ್ಳೆಯದು. ತಂದೆಯು ಸೋಲುವುದನ್ನೂ, ಸೋತು ಏಳದೆ ಮತ್ತೆ ಕಾಳನ್ನು ತುಂಬುವುದನ್ನೂ ಮಗನು ಒಮ್ಮೆ ಕಂಡರೆ, ಫಲಿತಾಂಶದ ದಿನ ಅವನಿಗೆ ಅಷ್ಟು ಭಯವಾಗಲಾರದು.

2018ರ ಜುಲೈ ತಿಂಗಳಲ್ಲಿ ಶಾಲೆಗೆ ರಜೆಯಿದ್ದಾಗ ನಾನು ಊರಿಗೆ ಬಂದೆನು. ತಾಯಿಯು ಹೇಳಿ ಕಳುಹಿಸಿದ್ದರಿಂದ ಅಣ್ಣನೂ ಮುಂಬಯಿಯಿಂದ ಬಂದನು. ಆಟಿಯ ಮೊದಲ ದಿನಗಳು. ಮಳೆಯು ಮಾಡಿನ ಮೇಲೆ ಸುರಿಯುತ್ತಿದ್ದಿತು. ಅಣ್ಣನಿಗೆ ಆಗ ಐವತ್ತು ವರ್ಷ. ತಾನೇ ಏಣಿಯನ್ನಿಟ್ಟು ಅಟ್ಟವನ್ನು ಹತ್ತಿ, ಮೂವತ್ತೈದು ವರ್ಷಗಳ ಧೂಳನ್ನು ಒರಸಿ ಮಣೆಯನ್ನು ಇಳಿಸಿದನು. ಚೀಲದ ಬಟ್ಟೆಯು ಜೀರ್ಣವಾಗಿದ್ದರೂ ಮಂಜೊಟ್ಟಿಯ ಕೆಂಪು ಮಾಸಿರಲಿಲ್ಲ. ತಾಯಿಯು ಜಗಲಿಯಲ್ಲಿ ಕುಳಿತು, ತಂದೆಯವರು ಹೇಳಿದ್ದ ಮಾತನ್ನು ಅವನಿಗೆ ಹೇಳಿದಳು. ಅವನು ಏನೂ ಅನ್ನಲಿಲ್ಲ. ಗುಳಿಗಳಿಗೆ ನಾಲ್ಕು ನಾಲ್ಕು ಕಾಳುಗಳನ್ನು ತುಂಬತೊಡಗಿದನು. ನಾಲ್ಕು ಎಣಿಸುವಾಗ ಅವನ ಕೈ ಒಮ್ಮೆ ತಡೆಯಿತು.

ಅಂದು ಮೂರು ಆಟಗಳನ್ನು ಆಡಿದೆವು. ಯಾರು ಗೆದ್ದರೆಂಬುದು ನನಗೆ ನೆನಪಿಲ್ಲ. ಕೊನೆಗೆ ಕಾಳುಗಳನ್ನೆಲ್ಲ ಹೊಸ ಚೀಲಕ್ಕೆ ತುಂಬಿ, “ಆಟಿ ಕಳೆದ ಮೇಲೆ ಅಟ್ಟಕ್ಕೋ ಅಮ್ಮ?” ಎಂದು ಅಣ್ಣನು ಕೇಳಿದನು. “ಬೇಡ, ಮಕ್ಕಳಿಗೆ ಕೈಗೆಟಕುವಲ್ಲಿ ಇರಲಿ” ಎಂದಳು ತಾಯಿ. ಅಂದಿನಿಂದ ಅದು ಜಗಲಿಯ ಮೂಲೆಯಲ್ಲಿಯೇ ಇದೆ. ಪರೀಕ್ಷೆಯ ದಿನಗಳಲ್ಲಿ ನೆರೆಮನೆಯ ಮಕ್ಕಳು ಓದಿನ ನಡುವೆ ಬಂದು ಆಡಿಹೋಗುತ್ತಾರೆ.